ಓವನ್ ರಾಡ್ ಹೋಯ್ತು, ಎಸ್‌ಪಿ ರೋಡ್‌ಗೆ ಹೋದೆ

ಈ ಕೇಕ್ ನೋಡಿ. ಮೇಲೆ ಬೆಳ್ಳಗೆ, ಮುಟ್ಟಿದ್ರೆ ಬೆರಳಿಗೆ ಅಂಟುತ್ತೆ. ತಿರುಗಿಸಿದ್ರೆ ತಳ ಸೀದು ಕರಕಲು. ನಮ್ಮತ್ತೆ ನೋಡಿ, "ಇದನ್ನ ಹಬೇಲಿ ಬೇಯಿಸಿದ್ಯೇನೇ?" ಅಂದ್ರು. ಆಮೇಲೆ ಓವನ್ ಖಾಲಿ ಆನ್ ಮಾಡಿ ನೋಡಿದ್ರೆ ಕೆಳಗಿನ ಎರಡು ರಾಡ್ ಕೆಂಪಗೆ ಕಾದಿದೆ, ಮೇಲಿನ ಎರಡೂ ತಣ್ಣಗೆ ಕೂತಿದೆ. ಕ್ಲಿಪ್ ಕತ್ತಲೆ ಕತ್ತಲೆ ಬಂದಿದೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಎರಡು ರಾಡ್ ಒಂದೇ ದಿನ ಸುಟ್ಟುಹೋಗೋದು ಅಪರೂಪ. ನಮ್ಮದು ಓಟಿಜಿ, ಅಂದ್ರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರೋದು. ಅದರಲ್ಲಿ ಮೇಲಿನ ಜೋಡಿ ಸೀರೀಸ್‌ನಲ್ಲಿದೆ. ಗಣೇಶನ ಹಬ್ಬಕ್ಕೆ ಹಾಕ್ತಿದ್ವಲ್ಲ, ಹಳೇ ಸೀರಿಯಲ್ ಸೆಟ್, ಒಂದು ಬಲ್ಬ್ ಹೋದ್ರೆ ಇಡೀ ಸರ ಕತ್ತಲೆ. ಅದೇ ಕಥೆ.

ಸರ್ವಿಸ್‌ನೋರಿಗೆ ಫೋನ್ ಮಾಡಿದ್ದೆ. ಮನೆಗೆ ಬಂದು ನೋಡೋಕೆ ₹450. ರಾಡ್ ಬಿಡಿಯಾಗಿ ಸಿಗಲ್ಲವಂತೆ, ಪೂರ್ತಿ ಸೆಟ್ಟೇ ತರಿಸ್ಬೇಕಂತೆ. ಕೊನೇಲಿ "ಮೇಡಂ, ಹೊಸದರ ಮೇಲೆ ಆಫರ್ ಇದೆ" ಅಂದ. ಫೋನ್ ಇಟ್ಟೆ.

ಪ್ಲಗ್ ಕಿತ್ತು, ಓವನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ತಿದೀನಿ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಪ್ಲಗ್ಗೇ ಕೀಳ್ಬೇಕು. ಇನ್ನೊಂದು, ಇದು ಓಟಿಜಿ ಅಂತ ನಾನು ಬಿಚ್ತಿರೋದು. ಇದನ್ನ ನೋಡಿ ಮೈಕ್ರೋವೇವ್ ಬಿಚ್ಚೋಕೆ ಹೋಗ್ಬೇಡಿ. ಅದರ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯೋ ಅಷ್ಟು ಕರೆಂಟ್ ಉಳಿದಿರುತ್ತೆ. ಹಿಂದುಗಡೆ ಎಲ್ಲಾ ಸ್ಟಾರ್ ಸ್ಕ್ರೂ, ಒಂದೇ ಒಂದು ಮಾತ್ರ ಮೂರು ಮೂಲೆದು. ನಮ್ಮಂಥೋರು ಬಿಚ್ಚಬಾರ್ದು ಅಂತ್ಲೇ ಹಾಕಿರೋದು. ಬಿಚ್ಚಿದೆ.

ಮಲ್ಟಿಮೀಟರ್ ಹಿಡಿದಾಗ ಒಂದು ರಾಡ್ 33 ಓಮ್ ತೋರಿಸ್ತು (ಓಮ್ ಅಂದ್ರೆ ಕರೆಂಟಿಗೆ ತಂತಿ ಒಡ್ಡೋ ತಡೆಯ ಅಳತೆ), ಇನ್ನೊಂದು ಏನೂ ಇಲ್ಲ, ಓಪನ್, ಅಂದ್ರೆ ಒಳಗೆ ತಂತಿ ತುಂಡಾಗಿದೆ. ಸತ್ತಿರೋದು ಇದೇ.

ಈಗ ಎಸ್‌ಪಿ ರೋಡ್, ಬೆಂಗಳೂರಲ್ಲಿ ಎಲೆಕ್ಟ್ರಿಕಲ್ ಬಿಡಿಭಾಗ ಸಿಗೋ ಮಾರ್ಕೆಟ್. ಗಾಡಿ ತಗೊಂಡು ಹೋಗ್ಬೇಡಿ, ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡೀರಿ. ಅಂಗಡಿಯವರ ಮೊದಲ ಮಾತೇ "ಸ್ಯಾಂಪಲ್ ತಂದಿದೀರಾ?" ತಂದಿದ್ದೆ, ಪೇಪರ್‌ನಲ್ಲಿ ಸುತ್ಕೊಂಡು. ಹಳೇ ರಾಡ್ ಪಕ್ಕ ಹೊಸದಿಟ್ರು, ಉದ್ದ ಒಂದೇ, ತುದಿ ಒಂದೇ. "ಸೇಮ್ ಮೇಡಂ, ಹಾಕಿ." ನಾನು ತುದೀಲಿ ಕೊರೆದಿರೋ ಅಕ್ಷರ ಓದಿದೆ. ಹಳೇದರಲ್ಲಿ 115 ವೋಲ್ಟ್ 400 ವ್ಯಾಟ್. ಅವರು ಕೊಟ್ಟಿದ್ರಲ್ಲಿ 230 ವೋಲ್ಟ್ 400 ವ್ಯಾಟ್.

ಬೇರೆ ಇದು ಅಂದೆ. ಅವರಿಗೆ ಸಿಟ್ಟು ಬಂತು. "ನಿಮ್ಮನೇಲಿ ಕರೆಂಟ್ ಎಷ್ಟು ಬರುತ್ತೆ? 230 ತಾನೇ? ಮತ್ತೆ ಇದಕ್ಕೇನು?" ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಪಕ್ಕದಲ್ಲಿ ಮಿಕ್ಸಿ ಜಾರ್ ಹಿಡ್ಕೊಂಡು ನಿಂತಿದ್ದ ಅಂಕಲ್ ಕೂಡ ತಲೆ ಆಡಿಸಿದ್ರು. ನಾನು ಹೇಳಿದೆ, ಸಾರ್, ಎರಡು ರಾಡ್ ಸೀರೀಸ್‌ನಲ್ಲಿದೆ, 230 ಎರಡು ಪಾಲಾಗಿ ತಲಾ 115 ಸಿಗುತ್ತೆ, ಅದಕ್ಕೇ ಹಳೇದರ ಮೇಲೆ ಹಾಗೆ ಬರೆದಿರೋದು. ಲೆಕ್ಕ ಬೇಡದೋರು ಸ್ವಲ್ಪ ಮುಂದೆ ಓಡಿಸ್ಕೊಳ್ಳಿ. ಅವರು ಕೊಟ್ಟ ರಾಡ್ 132 ಓಮ್. ಅದನ್ನ ನನ್ನ 33 ಓಮ್ ರಾಡ್ ಜೊತೆ ಸೇರಿಸಿದ್ರೆ ಒಟ್ಟು 165. ಆಗ ಮೇಲ್ಗಡೆ 800 ವ್ಯಾಟ್ ಬರ್ಬೇಕಾದ ಕಡೆ 320ರ ಆಸುಪಾಸು ಬರುತ್ತೆ. ಅದ್ರಲ್ಲೂ ಹಳೇ ರಾಡ್ ಪಾಲಿಗೆ ಬರೋದು ಬರೀ 64. ಓವನ್ ಆನ್ ಆಗುತ್ತೆ, ಏನೂ ಸಿಡಿಯಲ್ಲ, ಯಾರಿಗೂ ಗೊತ್ತಾಗಲ್ಲ, ಕೇಕ್ ಮಾತ್ರ ಜನ್ಮದಲ್ಲಿ ಕೆಂಪಾಗಲ್ಲ. ಆಗ ನಾವು ರೆಸಿಪಿಗೆ ಬೈಕೋತೀವಿ. ಇದರ ಉಲ್ಟಾ, 115 ವೋಲ್ಟ್ ರಾಡ್ ಒಂದನ್ನೇ ನೇರವಾಗಿ 230ಕ್ಕೆ ಕೊಟ್ರೆ ನಾಲ್ಕು ಪಟ್ಟು ವ್ಯಾಟ್, ಸುಟ್ಟು ಹೋಗುತ್ತೆ.

ಅವರು ಒಪ್ಪಲಿಲ್ಲ. ಒಪ್ಪದೇನೇ ಒಳಗೆ ಹುಡುಗನಿಗೆ ಕೂಗಿದ್ರು, ಅವನು ಗೋಣಿಚೀಲದಿಂದ 115ರದ್ದು ತಂದ. ಒಂದಕ್ಕೆ ₹180. ಆದ್ರೆ ಬಿಡಿ ಕೊಡಲ್ಲ, ಜೋಡಿ ₹340. ಒಂದು ಸಾಕು ಅಂತ ಎಷ್ಟು ಜಗಳ ಆಡಿದೆ! ಹಗಲು ದರೋಡೆ ಅಂತ ಬೈಕೊಂಡೇ ದುಡ್ಡು ಕೊಟ್ಟೆ. ಮೆಟ್ರೋಲಿ ಕೂತಾಗ ಅನ್ನಿಸ್ತು, ಉಳಿದಿರೋ ರಾಡಿಗೂ ಅದೇ ವಯಸ್ಸು ತಾನೇ? ಅದು ಹೋದ್ರೆ ಮತ್ತೆ ಇದೇ ಮೆರವಣಿಗೆ. ಅಂಗಡಿಯವರು ಜೋಡಿ ಕೊಟ್ಟಿದ್ದೂ ಸರಿ ಬಿಡಿ. ದರೋಡೆ ಅಂದಿದ್ದನ್ನ ವಾಪಸ್ ತಗೋತೀನಿ, ಅರ್ಧ.

ಇದು ಮಧ್ಯದಲ್ಲಿ ಖಾರಾ ಬನ್ ತಿನ್ನೋ ಶಾಟ್. ಅಯ್ಯಂಗಾರ್ ಬೇಕರಿಯವರಲ್ಲಿ ತುಂಬಾ ಜನ ಹಾಸನದ ಕಡೆಯವರು. ಅವರ ಬನ್‌ನ ಮೇಲ್ಪದರದ ಬಣ್ಣ ನೋಡಿ, ಮನೆ ಓವನ್‌ನಲ್ಲಿ ಇದು ಬರೋದೇ ಇಲ್ಲ, ನಾವು ಯಾಕೆ ಒದ್ದಾಡ್ಬೇಕು ಅಂತ... ಆಯ್ತು, ಶಾಟ್ ಮುಗೀತು, ಮನೆಗೆ ಬನ್ನಿ.

ಸತ್ತ ರಾಡನ್ನ ಹ್ಯಾಕ್ಸಾ ಬ್ಲೇಡಲ್ಲಿ ಕುಯ್ದೆ, ಸುಮ್ನೆ ಕುತೂಹಲಕ್ಕೆ. ಬಿಳೀ ಪುಡಿ ಉದುರ್ತಿದೆಯಲ್ಲ, ಮೆಗ್ನೀಸಿಯಂ ಆಕ್ಸೈಡ್. ಶಾಖ ಬಿಡುತ್ತೆ, ಕರೆಂಟ್ ಬಿಡಲ್ಲ. ಅದಕ್ಕೇ ಒಳಗಿನ ತಂತಿಗೂ ಹೊರಗಿನ ಸ್ಟೀಲ್ ಕೊಳವೆಗೂ ಸಂಬಂಧ ಇಲ್ಲ. ತಂತಿ ನೈಕ್ರೋಮ್, ಅಂದ್ರೆ ನಿಕಲ್ಲು ಕ್ರೋಮಿಯಮ್ಮು. ಆಲ್ಬರ್ಟ್ ಮಾರ್ಷ್ ಅನ್ನೋರು 1906ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ತಗೊಂಡಿದ್ದು, ಇವತ್ತಿಗೂ ಅದೇ ಓಡ್ತಿದೆ. ಹತ್ರ ತೋರಿಸ್ತೀನಿ, ಸುರುಳಿ ತುಂಡಾದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಗುಂಡು. ಕರಗಿ ಗಟ್ಟಿಯಾಗಿದೆ. ಇಷ್ಟಕ್ಕೆ ಹೊಸ ಓವನ್ ತಗೋ ಅಂದಿದ್ದ ಆ ಸರ್ವಿಸ್‌ನೋನು!

ಜೋಡಿಸೋದು ವಿಡಿಯೋಲೇ ಇದೆ. ಎರಡೇ ಮಾತು. ಒಳಗಿನ ವೈರಿಗೆ ಪ್ಲಾಸ್ಟಿಕ್ ಟೇಪ್ ಸುತ್ತಬೇಡಿ, ಬೆಸುಗೆನೂ ಹಾಕ್ಬೇಡಿ, ಎರಡೂ ಬಿಸಿಗೆ ಕರಗುತ್ತೆ. ಫೈಬರ್‌ಗ್ಲಾಸ್ ಸ್ಲೀವ್ ಹಾಕಿ, ತುದೀನ ಒತ್ತಿ ಕೂರಿಸ್ಬೇಕು. ಎರಡನೇದು ಈ ಹಸಿರು ವೈರು, ಅರ್ಥಿಂಗ್, ಬಾಡಿಗೆ ಬಿಗಿಯಾಗಿರ್ಬೇಕು. ಮುಚ್ಚೋ ಮುಂಚೆ ಮೀಟರ್ ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ರಾಡಿನ ಮೈಗೆ. ಏನೂ ತೋರಿಸ್ಬಾರ್ದು. ತೋರಿಸ್ತಿಲ್ಲ.

ಮೊದಲ ಸಲ ಖಾಲಿ ಕಾಯಿಸಿ. ಹೊಗೆ ಬರುತ್ತೆ, ವಾಸನೆ ಬರುತ್ತೆ, ಕಿಟಕಿ ತೆಗೀರಿ. ಅತ್ತೆ ಓಡಿ ಬಂದಿದ್ದು ಅದಕ್ಕೇ, ಕೂಗಾಟ ಮ್ಯೂಟ್ ಮಾಡಿದೀನಿ. ಮೇಲಿನ ಎರಡೂ ಕೆಂಪಾಯ್ತು!

ಟೆಸ್ಟಿಗೆ ಕೇಕ್ ಬೇಡ, ಜಾಲರಿ ತುಂಬ ಬ್ರೆಡ್ ಜೋಡಿಸಿ, ಎಲ್ಲಿ ಎಷ್ಟು ಕೆಂಪಾಯ್ತು ನೋಡಿ. ನಂದು ಹಿಂದೆಲ್ಲಾ ಚೆನ್ನಾಗಿದೆ, ಮುಂದಿನ ಎಡಮೂಲೆ ಪೇಲವ. ಅದು ರಾಡಿನ ತಪ್ಪಲ್ಲ, ಬಾಗಿಲ ಸ್ಪ್ರಿಂಗ್ ಸಡಿಲ, ಆ ಸಂದಿಲಿ ಬಿಸಿ ಹೊರಗೆ ಹೋಗ್ತಿದೆ. ಸ್ಪ್ರಿಂಗಿಗೆ ಅಂತ ನಾನಂತೂ ಮತ್ತೆ ಎಸ್‌ಪಿ ರೋಡ್‌ಗೆ ಹೋಗಲ್ಲ. ಹೋದ್ರೂ ಹೋಗ್ತೀನಿ. ಅತ್ತೆ ಬೆಣ್ಣೆ ಡಬ್ಬಿ ತಂದಾಯ್ತು, ಬ್ರೆಡ್ ಖಾಲಿ ಆಗೋ ಮುಂಚೆ ಕ್ಯಾಮೆರಾ ಆಫ್ ಮಾಡ್ತೀನಿ, ಬರ್ತೀನಿ.