ಪೆನ್ನು ಉರುಳಿದ ರಾತ್ರಿ

ನಮಸ್ಕಾರ, ಕೇಳುಗರೇ.

ಮೊದಲೇ ಹೇಳಿಬಿಡುತ್ತೇನೆ, ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇಂಗ್ಲೆಂಡಿನ ಒಂದು ಹಳ್ಳಿ. ಅಲ್ಲೊಂದು ಹಳೇ ತಂಗುಮನೆ, ಅವರು ಇನ್ ಅನ್ನುತ್ತಾರಲ್ಲ, ಅದು. ತಲೆಮಾರುಗಳಿಂದ ಒಂದೇ ಮನೆತನದವರು ನಡೆಸುತ್ತಿದ್ದಾರೆ. ಮಹಡಿಯ ಕೋಣೆಗೆ ಹೋಗಿ ಮೇಜಿನ ಮೇಲೆ ಪೆನ್ನು ಇಟ್ಟೆ. ಅದು ಉರುಳಿ ಕೆಳಗೆ ಬಿತ್ತು. ಬಿದ್ದದ್ದು ಅಲ್ಲೂ ನಿಲ್ಲಲಿಲ್ಲ, ಉರುಳುತ್ತಾ ಉರುಳುತ್ತಾ ಹೋಗಿ ಮಂಚದ ಕೆಳಗೆ ಸೇರಿಕೊಂಡಿತು. ತೆಗೆಯೋಣ ಅಂತ ಬಗ್ಗಿದರೆ, ಮಂಚದ ಎರಡು ಕಾಲುಗಳ ಕೆಳಗೆ ಮಾತ್ರ ಮರದ ತುಂಡು ಕೊಟ್ಟಿದ್ದಾರೆ. ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ಯಾರೋ ಮಲಗಿ ನೋಡಿ, ಎದ್ದು ಸರಿಮಾಡಿ, ಮತ್ತೆ ಮಲಗಿ ನೋಡಿಯೇ ಕೊಟ್ಟಿರಬೇಕು.

ಬೆಳಿಗ್ಗೆ ಮನೆಯ ಯಜಮಾನಿಗೆ, ವಯಸ್ಸಾದವರು, ಮೆಲ್ಲಗೆ ಹೇಳಿದೆ, ನಿಮ್ಮ ನೆಲ ಸ್ವಲ್ಪ ಓರೆ ಇದೆ ಅಂತ. ಅವರು ನನ್ನ ಮುಖ ನೋಡಿದರು. "ನೆಲ ಸರಿಯಾಗೇ ಇದೆ. ಮೇಜು ಹೊಸದು, ಇನ್ನೂ ಕಾಲು ಕತ್ತರಿಸಿಲ್ಲ" ಎಂದರು.

ನಗು ಬಂತು. ಆದರೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. ಆ ಮನೆಯಲ್ಲಿ ಎಲ್ಲರೂ ಮನೆಗೆ ಹೊಂದಿಕೊಳ್ಳಬೇಕು. ಮೇಜೂ ಅಷ್ಟೇ, ನಾನೂ ಅಷ್ಟೇ.

ನೆಲ ಯಾಕೆ ಓರೆ ಗೊತ್ತಾ? ಆ ಕಾಲದವರು ಓಕ್ ಮರವನ್ನು ಒಣಗಿಸಿ ಬಳಸುತ್ತಿರಲಿಲ್ಲ, ಹಸಿಯಾಗಿರುವಾಗಲೇ ಕಡಿದು, ಕೆತ್ತಿ, ತೊಲೆ ಕಂಬ ಮಾಡಿ ನಿಲ್ಲಿಸಿಬಿಡುತ್ತಿದ್ದರು, ಯಾಕೆಂದರೆ ಒಣಗಿದ ಓಕ್ ಕಲ್ಲಿನ ಹಾಗೆ, ಉಳಿಗೆ ಜಗ್ಗುವುದಿಲ್ಲ. ಮರ ಒಣಗುವುದು ಮನೆ ಕಟ್ಟಿದ ಮೇಲೆ. ಒಣಗುತ್ತಾ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ, ಜೊತೆಗೆ ಗೋಡೆಯನ್ನೂ ನೆಲವನ್ನೂ ಎಳೆದುಕೊಳ್ಳುತ್ತದೆ. ಆದರೆ ಮರದ ಗೂಟ ಹೊಡೆದು ಕೂಡಿಸಿದ ಸಂದುಗಳು ಒಣಗಿದಷ್ಟೂ ಬಿಗಿಯಾಗುತ್ತವೆ. ನೋಡಿದರೆ ಇವತ್ತೋ ನಾಳೆಯೋ ಅನ್ನುವ ಮನೆ, ನಾನೂರು ವರ್ಷ ನಿಂತುಬಿಡುತ್ತದೆ.

ಇಂಥ ಮನೆಗಳಲ್ಲಿ ಯಾವ ಸೊಟ್ಟವೂ ಸುಮ್ನೆ ಬಂದದ್ದಲ್ಲ. ಮುಂದಿನ ಗೋಡೆಯಲ್ಲಿ ಅಷ್ಟು ಎತ್ತರದ ಕಮಾನು ಯಾಕೆ? ಕುದುರೆ ಸಾರೋಟು, ಮೇಲೆ ಕೂತ ಪ್ರಯಾಣಿಕರ ಸಮೇತ ಒಳಗಿನ ಅಂಗಳಕ್ಕೆ ಬರಬೇಕಲ್ಲ. 1784ರಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಟಪಾಲು ಸಾರೋಟು ಶುರುವಾಯಿತು. ಹತ್ತು ಮೈಲಿಗೋ ಹದಿನೈದು ಮೈಲಿಗೋ ಕುದುರೆ ಬದಲಾಯಿಸಬೇಕು, ಹಾಗಾಗಿ ದೊಡ್ಡ ದಾರಿಗಳ ಉದ್ದಕ್ಕೂ ಇಂಥ ತಂಗುಮನೆಗಳಿಗೆ ಒಳ್ಳೆಯ ಕಾಲ. ಆಮೇಲೆ 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಬಂತು, ಒಂದರ ಹಿಂದೆ ಒಂದು ರೈಲು ದಾರಿ ಬಂತು, ಸಾರೋಟು ನಿಂತೇಹೋಯಿತು. ಕಮಾನು ಮಾತ್ರ ಉಳಿಯಿತು. ನಾನಿದ್ದ ಕಡೆ ಅದರ ಕೆಳಗೆ ಮಕ್ಕಳ ಸೈಕಲ್ ನಿಲ್ಲಿಸಿದ್ದರು.

ಹಾಗೇ ಇಟ್ಟಿಗೆ ಇಟ್ಟು ಮುಚ್ಚಿದ ಕಿಟಕಿ. 1696ರಿಂದ 1851ರವರೆಗೆ ಅಲ್ಲಿ ಕಿಟಕಿಗೂ ತೆರಿಗೆ ಇತ್ತು! ಕಿಟಕಿ ಎಣಿಸಿ ದುಡ್ಡು ಕೇಳುತ್ತಿದ್ದರು. ಕತ್ತಲಾದರೂ ಪರವಾಗಿಲ್ಲ ಅಂತ ಜನ ಮುಚ್ಚಿಕೊಂಡರು. ಬಾಗಿಲ ಮೇಲೆ ತೂಗುವ ಚಿತ್ರದ ಹಲಗೆಯೂ ಹಳೇ ಕಟ್ಟಳೆಯೇ, 1393ರಲ್ಲಿ ಎರಡನೇ ರಿಚರ್ಡ್ ರಾಜ ಬಿಯರ್ ಮಾರುವವರು ಗುರುತು ತೂಗುಹಾಕಲೇಬೇಕು ಅಂದಿದ್ದ. ಜನರಿಗೆ ಓದು ಬರುತ್ತಿರಲಿಲ್ಲ, ಚಿತ್ರ ನೋಡಿ ಒಳಗೆ ಬರುತ್ತಿದ್ದರು. ಆ ರಿಚರ್ಡನ ಲಾಂಛನ ಬಿಳಿ ಜಿಂಕೆ. ಆ ಹೆಸರಿನ ತಂಗುಮನೆಗಳು ಅಲ್ಲಿ ಈಗಲೂ ಬೇಕಾದಷ್ಟಿವೆ.

ಇದೆಲ್ಲ ಕಟ್ಟಡದ ಮಾತಾಯಿತು. ಬರೀ ಹಳೇ ಕಟ್ಟಡ ನನಗೆ ಅಷ್ಟು ಹಿಡಿಸುವುದಿಲ್ಲ. ದೊಡ್ಡ ಕಂಪನಿ ಕೊಂಡುಕೊಂಡರೆ ಅದೇ ತೊಲೆಗೆ ಪಾಲಿಶ್ ಹೊಡೆದು, ಕೆಳಗೊಂದು ದೀಪ ಇಡುತ್ತದೆ. ಮನೆಯವರೇ ಇದ್ದರೆ ಬೇರೆ. ಅವರಿಗೆ ಅದರ ಚಾಳಿ ಗೊತ್ತು. ಆ ಯಜಮಾನಿಯ ಮಗ ಬೀಗದ ಕೈ ಕೊಡುವಾಗ ಹೇಳಿದ್ದು ಇಷ್ಟು: ಬಿಸಿನೀರಿನ ನಲ್ಲಿ ಅರ್ಧ ತಿರುಗಿಸಿ ಕಾಯಿರಿ, ಗೋಡೆ ಒಳಗೆ ಗುಡುಗುಡು ಅಂದಮೇಲೆ ಪೂರ್ತಿ ತಿರುಗಿಸಿ. ಮೂರನೇ ಮೆಟ್ಟಿಲಲ್ಲಿ ನಾಯಿ ಮಲಗಿರುತ್ತೆ, ಏಳಲ್ಲ, ದಾಟಿಕೊಂಡು ಹೋಗಿ. ಏಳನೇ ನಂಬರ್ ಕೋಣೆ ಹುಡುಕಬೇಡಿ, ಅದರಲ್ಲಿ ನಮ್ಮಮ್ಮ ಇರುತ್ತಾರೆ.

ಜಪಾನಿನ ಅವಾಜು ಎಂಬ ಬಿಸಿನೀರ ಬುಗ್ಗೆಯ ಊರಲ್ಲಿ ಹೋಶಿ ಅಂತ ಒಂದು ತಂಗುಮನೆ ಇದೆ. 718ರಲ್ಲಿ ಶುರುವಾಯಿತು ಅನ್ನುತ್ತಾರೆ, 46 ತಲೆಮಾರಿನ ಲೆಕ್ಕ ಕೊಡುತ್ತಾರೆ. ಯಜಮಾನಿಕೆ ಯಾರಿಗೆ ಬಂದರೂ ಅವನು ತನ್ನ ಹೆಸರು ಬಿಟ್ಟು ಜೆಂಗೊರೊ ಎಂಬ ಹೆಸರು ಇಟ್ಟುಕೊಳ್ಳುತ್ತಾನೆ. ಮೊನ್ನೆ ಕೊಂಡ ಮೇಜಿನ ಕಾಲೇ ಅಲ್ಲ, ಮನೆಗೆ ತಕ್ಕಂತೆ ಮನುಷ್ಯನ ಹೆಸರನ್ನೂ ಕತ್ತರಿಸುತ್ತಾರೆ ಅಂದ ಹಾಗಾಯಿತು, ಅಲ್ವಾ?

ಕಷ್ಟ ಇಲ್ಲವೇ ಅಂದರೆ, ಇದೆ. ತಗ್ಗು ಛಾವಣಿ ಕೋಣೆಯನ್ನು ಬೇಗ ಬೆಚ್ಚಗೆ ಮಾಡುತ್ತದೆ ನಿಜ, ಆದರೆ ನನ್ನ ಹಣೆಗೆ ಎರಡು ಸಲ ಬಡಿಯಿತು. ಪಕ್ಕದ ಕೋಣೆಯವರ ಗೊರಕೆ ಹಲಗೆ ಗೋಡೆ ದಾಟಿ ಬರುತ್ತಿತ್ತು. ನಿದ್ದೆಯೇ ಮುಖ್ಯ ಅನ್ನುವವರು ಇಂಥ ಕಡೆ ಹೋಗಬೇಡಿ, ನಾನು ಹೇಳಿದೆ ಅಂತ ಹೋಗಿ ಆಮೇಲೆ ಬೈಯಬೇಡಿ. ಮಂಡಿ ನೋವಿನವರಿಗೆ ಆ ಮೆಟ್ಟಿಲು ಜಾಸ್ತಿನೇ ತೊಂದರೆ.

ಹೊರಡುವ ಹೊತ್ತಿಗೆ ಕೆಳಗೆ ಯಾರೂ ಇರಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಉರುಳುತ್ತದೇನೋ ಅಂತ ಒಂದು ಕ್ಷಣ ನೋಡುತ್ತಾ ನಿಂತೆ. ಅಲುಗಲಿಲ್ಲ. ಅಷ್ಟರಲ್ಲಿ ಮಹಡಿಯಿಂದ, ನನ್ನ ಕೋಣೆಯ ಕಡೆಯಿಂದಲೇ, ಗರಗಸದ ಸದ್ದು ಶುರುವಾಯಿತು.

ನಮಸ್ಕಾರ.