ಕಮಿಷನ್ ಸೊನ್ನೆ ಆಯ್ತು, ಕೈಗೆ ಬಂದಿದ್ದು 12 ರೂಪಾಯಿ

[ಮೇಜಿನ ಮೇಲೆ ಒಂದು ರಟ್ಟಿನ ಡಬ್ಬ, ಅಡುಗೆಮನೆಯ ಪುಟ್ಟ ತೂಕದ ಯಂತ್ರ, ದರ್ಜಿಯ ಟೇಪು]

ನಮಸ್ಕಾರ. ಈ ಡಬ್ಬ ನೋಡಿ. ಒಳಗೆ ಚನ್ನಪಟ್ಟಣದ ಎರಡು ಗಿಲಕಿಗಳಿವೆ. ಮರದ್ದು, ಅರಗಿನ ಬಣ್ಣ ಹಾಕಿದ್ದು. ತೂಕಕ್ಕೆ ಇಡುತ್ತೇನೆ. 310 ಗ್ರಾಂ.

ಈಗ ಟೇಪು ಹಿಡಿಯೋಣ. ಉದ್ದ 20 ಸೆಂಟಿಮೀಟರ್, ಅಗಲ 15, ಎತ್ತರ 10. ಮೂರನ್ನೂ ಗುಣಿಸಿದರೆ 3000. ಕೊರಿಯರ್‌ನವರ ಲೆಕ್ಕದಂತೆ ಅದನ್ನು 5000ದಿಂದ ಭಾಗಿಸಿದರೆ 0.6 ಕೆಜಿ. ಅಂದರೆ 600 ಗ್ರಾಂ. ಯಂತ್ರ ತೋರಿಸಿದ ತೂಕ ಒಂದು, ಡಬ್ಬದ ಅಳತೆಯಿಂದ ಬಂದ ತೂಕ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಶಿಪ್ಪಿಂಗ್ ದುಡ್ಡು. ಹಾಗಾಗಿ 310 ಗ್ರಾಂನ ಗಿಲಕಿ ಅರ್ಧ ಕೆಜಿ ದಾಟಿ ಮುಂದಿನ ಸ್ಲ್ಯಾಬ್‌ಗೆ, ಅಂದರೆ ದುಬಾರಿ ದರದ ಹಂತಕ್ಕೆ, ಹೋಗಿ ಬಿತ್ತು. ಒಳಗಿರುವ ಗಾಳಿಗೂ ಬಾಡಿಗೆ ಕೊಟ್ಟ ಹಾಗೆ.

ಈ ಡಬ್ಬ ನಮ್ಮ ಅತ್ತಿಗೆಯದು. ನಾಲ್ಕು ವರ್ಷದಿಂದ ಆನ್‌ಲೈನ್‌ನಲ್ಲಿ ಆಟಿಕೆ ಮಾರುತ್ತಿದ್ದಾರೆ. ಹೋದ ವರ್ಷ ಆ ಆನ್‌ಲೈನ್ ಮಾರುಕಟ್ಟೆಯವರಿಂದ ಅವರಿಗೆ ಒಂದು ಮೇಲ್ ಬಂತು. ರೇಟ್ ಕಾರ್ಡ್ ಬದಲಾಗಿದೆ, ಪ್ರತಿ ಮಾರಾಟಕ್ಕೆ ಹಿಡಿಯುತ್ತಿದ್ದ ಕಮಿಷನ್ ಇನ್ನು ಇಲ್ಲ ಅಂತ. ಖುಷಿಪಟ್ಟರು. ತಿಂಗಳ ಕೊನೆಗೆ ನನಗೆ ಫೋನ್ ಮಾಡಿದರು. "ಏನಪ್ಪಾ, ಕಮಿಷನ್ ತೆಗೆದಿದ್ದಾರೆ ಅಂತಾರೆ, ನನ್ನ ಖಾತೆಗೆ ಜಾಸ್ತಿ ಏನೂ ಬಂದಿಲ್ವಲ್ಲ?"

ಅವತ್ತು ರಾತ್ರಿ ಇಬ್ಬರೂ ಕೂತು ಪೇಮೆಂಟ್ ರಿಪೋರ್ಟ್ ಬಿಡಿಸಿದೆವು. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ರೇಟು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ನಿಮ್ಮದನ್ನು ನೀವೇ ಹಾಕಿಕೊಳ್ಳಿ.

[ಬಿಳಿ ಹಲಗೆ. ಮಾರ್ಕರ್‌ನಲ್ಲಿ ಬರೆಯುತ್ತಾ]

ಈ ಜೋಡಿ ಗಿಲಕಿಯ ಬೆಲೆ 499. ಕಮಿಷನ್ 40. ಪ್ರತಿ ಆರ್ಡರ್‌ಗೆ ಫಿಕ್ಸೆಡ್ ಫೀ 25. ಶಿಪ್ಪಿಂಗ್ 65. ಒಟ್ಟು 130. ಇಷ್ಟಕ್ಕೆ ಮುಗಿಯಲಿಲ್ಲ, ಈ ಫೀಗಳ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇದೆ. 23 ರೂಪಾಯಿ 40 ಪೈಸೆ. ಟಿಸಿಎಸ್, ಟಿಡಿಎಸ್ ಅಂತ, ಅಂದರೆ ಮಾರುಕಟ್ಟೆಯವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹತ್ತಿರ ಹತ್ತಿರ 3 ರೂಪಾಯಿ. ಬ್ಯಾಂಕಿಗೆ ಬೀಳುವುದು 342 ಚಿಲ್ಲರೆ. ಗಿಲಕಿ ಕೊಂಡಿದ್ದು 260, ಡಬ್ಬ ಮತ್ತು ಟೇಪಿಗೆ 20. ಉಳಿದಿದ್ದು 62 ರೂಪಾಯಿ.

ಈಗ ಕಮಿಷನ್ ಸೊನ್ನೆ ಮಾಡಿ. ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ ಉಳಿಯಬೇಕು, ಅಲ್ವಾ? ಆದರೆ ಅದೇ ಮೇಲ್‌ನ ಕೆಳಗೆ, ಇನ್ನೊಂದು ಪಟ್ಟಿಯಲ್ಲಿ, ಫಿಕ್ಸೆಡ್ ಫೀ 25ರಿಂದ 35 ಆಗಿತ್ತು. ಶಿಪ್ಪಿಂಗ್ 65ರಿಂದ 85. ಎರಡೂ ಸೇರಿ 30, ಜಿಎಸ್‌ಟಿ ಹಾಕಿದರೆ 35 ರೂಪಾಯಿ 40 ಪೈಸೆ. ಈ ಕೈಯಲ್ಲಿ 47 ಕೊಟ್ಟರು, ಆ ಕೈಯಲ್ಲಿ 35 ತಗೊಂಡರು. ಮೊದಲಿಗಿಂತ ಜಾಸ್ತಿ ಉಳಿದಿದ್ದು 12 ರೂಪಾಯಿಗೂ ಕಮ್ಮಿ.

ಕಮಿಷನ್ ತೆಗೆಯುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಮೀಶೋ 2021ರಲ್ಲೇ ಕಮಿಷನ್ ಬಿಟ್ಟಿತು, ಜಾಹೀರಾತು ಮತ್ತು ಸಾಗಣೆಯಿಂದ ದುಡಿಯುತ್ತದೆ. ಅಮೆಜಾನ್ 2025ರ ಏಪ್ರಿಲ್‌ನಲ್ಲಿ 300 ರೂಪಾಯಿಗಿಂತ ಕಡಿಮೆ ಬೆಲೆಯ 1.2 ಕೋಟಿಗೂ ಹೆಚ್ಚು ಸಾಮಾನುಗಳಿಗೆ ರೆಫರಲ್ ಫೀ (ಕಮಿಷನ್‌ಗೆ ಅವರಿಟ್ಟ ಹೆಸರು) ತೆಗೆಯಿತು. ಫ್ಲಿಪ್‌ಕಾರ್ಟ್ ಅದೇ ವರ್ಷ ನವೆಂಬರ್‌ನಲ್ಲಿ 1000 ರೂಪಾಯಿ ಒಳಗಿನ ಸಾಮಾನಿಗೆ ಕಮಿಷನ್ ಸೊನ್ನೆ ಮಾಡಿತು. ಪೈಪೋಟಿಯಿಂದ ಸಣ್ಣ ವ್ಯಾಪಾರಿಗೆ ಸಿಕ್ಕ ಲಾಭ ಇದು, ನಿಜವಾದ ಲಾಭ. ಆದರೆ ಕಮಿಷನ್ ಅನ್ನುವುದು ಬಿಲ್ಲಿನ ಒಂದು ಸಾಲು ಅಷ್ಟೇ. ನೋಡಬೇಕಾದದ್ದು ಒಂದು ಪೀಸ್‌ಗೆ ಬ್ಯಾಂಕಿಗೆ ಬಂದು ಬೀಳುವ ದುಡ್ಡನ್ನು.

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. ಟಿಸಿಎಸ್ 2018ರ ಅಕ್ಟೋಬರ್‌ನಲ್ಲಿ 1 ಪರ್ಸೆಂಟ್ ಅಂತ ಶುರುವಾಯಿತು, 2024ರ ಜುಲೈ 10ರಿಂದ ಅರ್ಧ ಪರ್ಸೆಂಟ್. ಟಿಡಿಎಸ್ ಕೂಡ 1 ಇತ್ತು, 2024ರ ಅಕ್ಟೋಬರ್‌ನಿಂದ 0.1. ಒಂದು ಲಕ್ಷ ವ್ಯಾಪಾರಕ್ಕೆ ಮೊದಲು ಸುಮಾರು 2000 ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಈಗ 600. ಇದು ಖರ್ಚಲ್ಲ, ನೀವು ಕೇಳಿ ಪಡೆಯಬೇಕಾದ ದುಡ್ಡು. ಟಿಸಿಎಸ್ ಜಿಎಸ್‌ಟಿ ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ, ಟಿಡಿಎಸ್ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಜನ ಹಾಗೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಇನ್ನೊಂದು ವಿಷಯ. 2023ರ ಅಕ್ಟೋಬರ್‌ನಿಂದ, ವಹಿವಾಟು ಮಿತಿಯೊಳಗೆ ಇರುವವರು ಜಿಎಸ್‌ಟಿ ನಂಬರ್ ಇಲ್ಲದೆಯೂ ತಮ್ಮ ರಾಜ್ಯದ ಒಳಗೆ ಆನ್‌ಲೈನ್‌ನಲ್ಲಿ ಮಾರಬಹುದು. ಮನೆಯಲ್ಲೇ ಹೊಲಿಯುವ, ಮಾಡುವ ಹೆಣ್ಣುಮಕ್ಕಳಿಗೆ ದೊಡ್ಡ ಬಾಗಿಲು ತೆರೆದ ನಿಯಮ ಇದು. ಆದರೆ ಫೀ ಮೇಲಿನ ಆ 18 ಪರ್ಸೆಂಟ್ ಜಿಎಸ್‌ಟಿಗೆ ಅವರಿಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಅದನ್ನು ತೆರಿಗೆಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. 100 ರೂಪಾಯಿ ಫೀ ಅವರ ಪಾಲಿಗೆ ಪೂರ್ತಿ 118. ಬೆಲೆ ಇಡುವಾಗಲೇ ಇದನ್ನು ಸೇರಿಸಿಕೊಳ್ಳಿ.

[ವಾಪಸ್ ಬಂದ ಪಾರ್ಸೆಲ್ ಒಂದನ್ನು ಕತ್ತರಿಸುತ್ತಾ]

ಈಗ ನನಗೆ ಜಾಸ್ತಿ ಸಂಕಟವಾಗುವ ವಿಷಯ. ರಿಟರ್ನ್. ಈ ಪಾರ್ಸೆಲ್ ವಾಪಸ್ ಬಂದಿದ್ದು. ಕಾರಣ, "ಇಷ್ಟವಾಗಲಿಲ್ಲ". ಹೋಗಿದ್ದು ಎರಡು ಗಿಲಕಿ, ವಾಪಸ್ ಬಂದಿದ್ದು ಒಂದು. ಅದರ ಹಿಡಿಯ ಮೇಲೆ ಮಗುವಿನ ಹಲ್ಲಿನ ಗುರುತಿದೆ ನೋಡಿ. ಮತ್ತೆ ಮಾರುವ ಹಾಗಿಲ್ಲ.

ರಿಟರ್ನ್ ಶಿಪ್ಪಿಂಗ್ 90 ಅಂತ ಇಟ್ಟುಕೊಳ್ಳಿ, ಜಿಎಸ್‌ಟಿ ಸೇರಿ 106. ಡಬ್ಬದ 20 ಹೋಯ್ತು. ಒಟ್ಟು 126. ಒಂದು ಪೀಸ್‌ಗೆ 62 ರೂಪಾಯಿ ಲಾಭ ಅಂದೆವಲ್ಲ, ಒಂದು ರಿಟರ್ನ್ ಎರಡು ಪೀಸ್‌ನ ಲಾಭ ತಿಂದಿತು. ಸಾಮಾನು ಹಾಳಾಗಿದ್ದರೆ ಆ 260 ಕೂಡ ಹೋಯ್ತು. ಅದಕ್ಕೇ ರಿಟರ್ನ್ ಅವಧಿ 7 ದಿನದಿಂದ 10 ದಿನ ಆಯ್ತು ಅನ್ನುವ ಒಂದು ಸಾಲಿನ ಬದಲಾವಣೆ, 2 ಪರ್ಸೆಂಟ್ ಕಮಿಷನ್ ಏರಿದ್ದಕ್ಕಿಂತ ದುಬಾರಿ ಆಗಬಹುದು. ಹಾಳಾದ ಸಾಮಾನಿಗೆ ಪರಿಹಾರ ಕೇಳಿ ಕ್ಲೈಮ್ ಹಾಕಲು, ಪ್ಯಾಕ್ ಮಾಡುವಾಗಲೂ ಬಿಚ್ಚುವಾಗಲೂ ವಿಡಿಯೋ ಮಾಡಿಟ್ಟುಕೊಳ್ಳಿ. ಅತ್ತಿಗೆ ಈಗ ಮೇಜಿನ ಮೇಲೆ ಹಳೇ ಫೋನನ್ನು ಕಟ್ಟಿ ನಿಲ್ಲಿಸಿಬಿಟ್ಟಿದ್ದಾರೆ.

ಇದು ನಮ್ಮಲ್ಲಿ ಮಾತ್ರ ಇರುವ ಗೋಳಲ್ಲ. ಕೈಕೆಲಸದ ಸಾಮಾನು ಮಾರುವ ಅಮೆರಿಕದ ಎಟ್ಸಿ 2018ರಲ್ಲಿ ತನ್ನ ಫೀಯನ್ನು 3.5ರಿಂದ 5 ಪರ್ಸೆಂಟ್ ಮಾಡಿತು. 2022ರ ಏಪ್ರಿಲ್ 11ರಿಂದ 6.5. ಅವತ್ತಿನಿಂದ ಒಂದು ವಾರ ಸಾವಿರಾರು ಜನ ತಮ್ಮ ಆನ್‌ಲೈನ್ ಅಂಗಡಿ ಬಾಗಿಲು ಹಾಕಿ ಮುಷ್ಕರ ಮಾಡಿದರು. ಅವರ ಸಿಟ್ಟು ಬರೀ ಒಂದೂವರೆ ಪರ್ಸೆಂಟಿಗಲ್ಲ. ವರ್ಷಕ್ಕೆ 10 ಸಾವಿರ ಡಾಲರ್ ದಾಟಿ ಮಾರಿದವರು ಹೊರಗಿನ ಜಾಹೀರಾತಿನ ಯೋಜನೆಯಿಂದ ಆಚೆ ಬರುವಂತಿಲ್ಲ, ಆ ಜಾಹೀರಾತಿನಿಂದ ಬಂದ ಆರ್ಡರ್‌ಗೆ ಇನ್ನೂ 12 ಪರ್ಸೆಂಟ್ ಕೊಡಬೇಕು. ಬೇಡ ಅನ್ನುವ ಹಕ್ಕು ಕೊಡಿ ಅಂತಲೂ ಕೇಳಿದರು. ಫೀ ಇಳಿಯಲಿಲ್ಲ.

ಯುರೋಪಿನಲ್ಲಿ ಒಂದು ಒಳ್ಳೆ ನಿಯಮ ಇದೆ. 2020ರ ಜುಲೈನಿಂದ, ಷರತ್ತು ಬದಲಿಸುವ ಮಾರ್ಕೆಟ್‌ಪ್ಲೇಸ್ ಮಾರಾಟಗಾರರಿಗೆ ಕನಿಷ್ಠ 15 ದಿನ ಮೊದಲು ತಿಳಿಸಬೇಕು. ನಮ್ಮ 2020ರ ಇ-ಕಾಮರ್ಸ್ ನಿಯಮಗಳು ಮುಖ್ಯವಾಗಿ ಗ್ರಾಹಕರ ರಕ್ಷಣೆಗೆ ಬರೆದವು. ಅದು ಬೇಕೇ ಬೇಕು. ಆದರೆ ದೀಪಾವಳಿಗೆ ಸಾಲ ಮಾಡಿ 500 ಗಿಲಕಿ ತರಿಸಿಟ್ಟವರಿಗೂ ಅಂಥ 15 ದಿನ ಬೇಕು. ರೇಟ್ ಬದಲಾದರೆ ಬೆಲೆ ತಿದ್ದಬೇಕು, ಡಬ್ಬ ಬದಲಿಸಬೇಕು, ಕೆಲವು ಸಾಮಾನು ನಿಲ್ಲಿಸಲೂಬೇಕು. ರಾತ್ರೋರಾತ್ರಿ ಆಗುವ ಕೆಲಸ ಅಲ್ಲ ಇದು.

ಮುಂದಿನ ಸಲ ಅಂಥ ಮೇಲ್ ಬಂದಾಗ ತಲೆಬರಹ ಓದಿ ಮುಚ್ಚಬೇಡಿ. ಜಾಸ್ತಿ ಮಾರುವ ಐದು ಸಾಮಾನು ತಗೊಳ್ಳಿ. ಒಂದೊಂದಕ್ಕೂ ಹಳೇ ರೇಟು, ಹೊಸ ರೇಟು ಅಕ್ಕಪಕ್ಕ ಬರೆಯಿರಿ. ಹತ್ತರಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವುದನ್ನೂ ಸೇರಿಸಿ.

[ಇನ್ನೊಂದು ಡಬ್ಬ ಮೇಜಿಗೆ ಬರುತ್ತದೆ, ಸ್ವಲ್ಪ ಚಿಕ್ಕದು]

ಇದು ಅತ್ತಿಗೆಯ ಹೊಸ ಡಬ್ಬ. 18, 13, 10. ಗುಣಿಸಿದರೆ 2340, ಭಾಗಿಸಿದರೆ 468 ಗ್ರಾಂ. ಅದೇ ಎರಡು ಗಿಲಕಿ, ಅರ್ಧ ಕೆಜಿ ಸ್ಲ್ಯಾಬ್‌ನ ಒಳಗೆ.