ಹಾಡು ಮುಗಿದಾಗ ಕತೆ ಎಲ್ಲಿರಬೇಕು?

ಕೇಳುಗರಿಗೆ ನಮಸ್ಕಾರ. ಹೈಸ್ಕೂಲು ಹುಡುಗ ಹುಡುಗಿಯರು ಹಾಡಿ ಕುಣಿಯುವ ಸಿನಿಮಾಗಳನ್ನು ಮಕ್ಕಳು ಯಾಕೆ ಅಷ್ಟೊಂದು ಹಚ್ಚಿಕೊಳ್ಳುತ್ತಾರೆ ಅನ್ನುವುದು ಇವತ್ತಿನ ವಿಷಯ. ಹಾಸನ, ಅರಸೀಕೆರೆ, ಸಕಲೇಶಪುರದ ಕಡೆ ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ತಯಾರು ಮಾಡುತ್ತಿರುವ ಮೇಷ್ಟ್ರುಗಳು, ಮೇಡಂಗಳು ದಯವಿಟ್ಟು ರೇಡಿಯೋ ದನಿ ಸ್ವಲ್ಪ ಏರಿಸಿಕೊಳ್ಳಿ.

ನಾನು ಹೇಳುವುದು ಒಂದೇ ಮಾತು. ಹಾಡು ಮುಗಿಯುವ ಹೊತ್ತಿಗೆ ಕತೆ ಒಂದು ಹೆಜ್ಜೆ ಮುಂದೆ ಹೋಗಿರಬೇಕು. 14, 15ರ ವಯಸ್ಸಿನಲ್ಲಿ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಅಪ್ಪನ ಎದುರು ಮಾತು ಹೊರಡುವುದಿಲ್ಲ, ಗೆಳೆಯರ ಎದುರು ನಾಚಿಕೆ. ಅದೇ ಮಾತು ಹಾಡಾದರೆ ಹೊರಗೆ ಬರುತ್ತದೆ. ಸೆಳೆತ ಇರುವುದು ಅಲ್ಲೇ.

2006ರ ಜನವರಿಯಲ್ಲಿ ಅಮೆರಿಕದ ಡಿಸ್ನಿ ಚಾನೆಲ್‌ನಲ್ಲಿ ಬಂದ ‘ಹೈಸ್ಕೂಲ್ ಮ್ಯೂಸಿಕಲ್’ ತೆಗೆದುಕೊಳ್ಳಿ. ನಿರ್ದೇಶಕ ಕೆನ್ನಿ ಒರ್ಟೆಗಾ. ನಾಯಕ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್, ಅವರಪ್ಪನೇ ಕೋಚ್. ಹುಡುಗನಿಗೆ ಹಾಡುವ ಆಸೆ ಹತ್ತಿಬಿಟ್ಟಿದೆ. ಅಭ್ಯಾಸ ನಡೆಯುತ್ತಿರುವಾಗ ಚೆಂಡು ನೆಲಕ್ಕೆ ಬಡಿಯುವ ಸದ್ದೇ ತಾಳವಾಗುತ್ತದೆ. ಬೂಟು ಕಿರ್ರೆನ್ನುವುದೂ ಅದರೊಳಗೆ ಸೇರಿಕೊಳ್ಳುತ್ತದೆ. ಆಟದ ಕಡೆ ಗಮನ ಕೊಡು ಅಂತ ತನಗೆ ತಾನೇ ಹೇಳಿಕೊಂಡು ಹಾಡುತ್ತಾನೆ, ಮನಸ್ಸು ಮಾತ್ರ ಇನ್ನೊಂದು ಕಡೆ ಎಳೆಯುತ್ತಿರುತ್ತದೆ. ಹಾಡು ಮುಗಿದಾಗ ಹುಡುಗ ಎರಡು ದೋಣಿಯ ಮೇಲೆ ಕಾಲಿಟ್ಟಿದ್ದಾನೆ ಅಂತ ನಮಗೆ ಗೊತ್ತಾಗಿರುತ್ತದೆ, ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಊಟದ ಹಾಲ್‌ನ ಹಾಡು. ಒಬ್ಬ ಆಟಗಾರ ತನಗೆ ಕೇಕು ಮಾಡುವುದು ಇಷ್ಟ ಅನ್ನುತ್ತಾನೆ, ಓದುವ ಹುಡುಗಿಯೊಬ್ಬಳು ಹಿಪ್‌ಹಾಪ್ ಕುಣಿಯುತ್ತೇನೆ ಅನ್ನುತ್ತಾಳೆ, ಉಳಿದವರೆಲ್ಲ ಒಟ್ಟಾಗಿ ಇದ್ದ ಹಾಗೇ ಇರಿ ಅಂತ ಅವರ ಬಾಯಿ ಮುಚ್ಚಿಸುತ್ತಾರೆ. ಇಡೀ ಶಾಲೆಯ ಕತೆ ಆ ಒಂದು ಹಾಡಿನಲ್ಲಿ ಮುಂದೆ ಹೋಯಿತು, ನೋಡಿ.

ನಮ್ಮ ವಾರ್ಷಿಕೋತ್ಸವದಲ್ಲಿ ಏನು ಮಾಡುತ್ತೇವೆ? ಸಿನಿಮಾ ಹಾಡು ಹಾಕಿ ಒಂದರ ಹಿಂದೆ ಒಂದು ಕುಣಿತ. ಯಾವ ಹಾಡೂ ಯಾರ ಕತೆಯನ್ನೂ ಮುಂದೆ ತಳ್ಳುವುದಿಲ್ಲ. ನಮಗೆ ಬ್ಯಾಸ್ಕೆಟ್‌ಬಾಲೇ ಬೇಕಾಗಿಲ್ಲ, ಕಬಡ್ಡಿ ಇದೆಯಲ್ಲ! ರೈಡಿಗೆ ಹೋದ ಹುಡುಗ ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುವುದೇ ನಾಲ್ಕೆಣಿಕೆಯ ತಾಳ. ಅದನ್ನು ನಿಧಾನವಾಗಿ ಶುರು ಮಾಡಿಸಿ, ಎದುರು ತಂಡದಿಂದ ತೊಡೆ ತಟ್ಟಿಸಿ, ಆಮೇಲೆ ಹಾಡಿನ ಮೊದಲ ಸಾಲು ಬರಲಿ. ಬಿಸಿಯೂಟದ ತಟ್ಟೆ ಲೋಟಗಳಿಂದಲೂ ಇದೇ ಕೆಲಸ ತೆಗೆಯಬಹುದು.

ಎಡವಟ್ಟಾಗುವುದು ಶ್ರುತಿಯಲ್ಲಿ. ಎಂಟು, ಒಂಬತ್ತನೇ ತರಗತಿಯ ಹುಡುಗರ ದನಿ ಒಡೆಯುವ ಕಾಲ. ಹುಡುಗಿಯರಿಗೆ ಐದರಿಂದ ಆರು ಕಟ್ಟೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಶ್ರುತಿಯ ಎತ್ತರ) ಸರಿಹೋಗುತ್ತದೆ, ದನಿ ಒಡೆದ ಹುಡುಗನಿಗೆ ಒಂದರಿಂದ ಎರಡು. ಇಬ್ಬರನ್ನೂ ಐದರಲ್ಲಿ ಹಾಡಿಸಿದರೆ ಹುಡುಗ ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋಗುವಾಗ ಕೀರಲುತ್ತಾನೆ. ಹುಡುಗನಿಗೆ ಒಂದು ಕಟ್ಟೆ ಇಡಿ, ಅವನ ಪಂಚಮವೇ, ಅಂದರೆ ‘ಪ’ ಸ್ವರವೇ, ಐದು ಕಟ್ಟೆ, ಅದನ್ನೇ ಷಡ್ಜ ಮಾಡಿಕೊಂಡು ಹುಡುಗಿ ಉತ್ತರ ಹಾಡಲಿ. ಆ ಸಿನಿಮಾದಲ್ಲೂ ಹಾಡುಗಳು ನಾಯಕ ಜ್ಯಾಕ್ ಎಫ್ರಾನ್‌ಗೆ ಎತ್ತರವಾಗಿ, ಡ್ರೂ ಸೀಲಿ ಎಂಬ ಗಾಯಕನ ದನಿ ಬೆರೆಸಬೇಕಾಯಿತು. ನಮಗೆ ಆ ಅನುಕೂಲ ಇಲ್ಲ, ಆದ್ದರಿಂದ ಶ್ರುತಿಯನ್ನೇ ಇಳಿಸಬೇಕು.

ಸಮಯ ಮುಗಿಯುತ್ತಾ ಬಂತು, ಎರಡೇ ಮಾತು. ಹಾಡುವಾಗ ಕುಣಿಸಬೇಡಿ, ಉಸಿರು ಸಿಗುವುದಿಲ್ಲ. ನಾಲ್ಕು ಸಾಲು ನಿಂತು ಹಾಡಲಿ, ನಡುವಿನ ವಾದ್ಯದ ಭಾಗಕ್ಕೆ ಕುಣಿಯಲಿ. ಸ್ಪೀಕರ್ ಬಾಕ್ಸುಗಳನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ತಿರುಗಿಸಿ ಇಡಿ. ಹಿಂದೆ ಇಟ್ಟರೆ ಮೈಕು ಕುಂಯ್ಯೆನ್ನುತ್ತದೆ, ಮಕ್ಕಳು ಆ ಸದ್ದಿಗೆ ಹೆದರಿ ಸಾಲು ಮರೆಯುತ್ತಾರೆ. ನಮಸ್ಕಾರ.